ಬೀಗ ಬಿದ್ದ ವಂಶಾವಳಿ

ಮೂವತ್ತೆಂಟು ವರ್ಷ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿದವನ ಕಣ್ಣು ನಿವೃತ್ತಿಯಾದ ಮೇಲೂ ಸುಮ್ಮನಿರುವುದಿಲ್ಲ. ಪ್ಯೋ ಮುನ್‌ಸಿಕ್‌ನ ಕಣ್ಣುಗಳಂತೂ ಎಪ್ಪತ್ತೊಂದರಲ್ಲೂ ಡ್ಯೂಟಿಯ ಮೇಲೇ ಇದ್ದವು. ಟಿಕೆಟ್ ಇಲ್ಲದವನು ಕಿಟಕಿಯ ಹೊರಗೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡುತ್ತಾನೆ, ಟಿಕೆಟ್ ಇದ್ದವನು ಎದುರಿಗೆ ಕೂತವರ ತಿಂಡಿ ನೋಡುತ್ತಾನೆ. ಇಷ್ಟನ್ನು ಅವನು ಕೆಲಸದಲ್ಲಿ ಕಲಿತಿದ್ದ, ಇಷ್ಟರಿಂದಲೇ ಇಡೀ ಲೋಕವನ್ನು ಅಳೆಯುತ್ತಿದ್ದ. ತರಕಾರಿಯವಳು ತೂಕ ಹಾಕುವಾಗ ಮಾತಾಡಿದರೆ ಅವನಿಗೆ ಅನುಮಾನ, ಮಾತಾಡದಿದ್ದರೆ ಇನ್ನೂ ಹೆಚ್ಚು ಅನುಮಾನ. ಹೆಂಡತಿ ಓಕ್‌ಬುನ್ ನಲವತ್ತನಾಲ್ಕು ವರ್ಷದಿಂದ ಈ ತಪಾಸಣೆಯಲ್ಲಿ ಪಾಸಾಗುತ್ತ ಬಂದಿದ್ದಳು. ಅದಕ್ಕೆ ಅವಳಿಗೆ ಒಂದು ಪದಕವನ್ನಾದರೂ ಕೊಡಬೇಕಿತ್ತು.

ಅಂಥವನ ಮನೆಗೇ ಕಳ್ಳ ನುಗ್ಗಿದ್ದ.

ಅಕ್ಟೋಬರ್ ಕೊನೆಯ ಶುಕ್ರವಾರ ಬೆಳಿಗ್ಗೆ. ಹುದುಗು ಸೋಯಾ ಸಾರು, ಅನ್ನ ಉಂಡು, ಬಾಯಿ ತೊಳೆದು, ಮುನ್‌ಸಿಕ್ ಹಿಂದಿನ ಕೋಣೆಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತ. ಪರದೆಯ ಮೇಲೆ ಯಾವತ್ತೂ ಇರುವ ಅಜ್ಜನ ಸಮಾಧಿಯ ಫೋಟೋ ಇರಲಿಲ್ಲ. ಅದರ ಜಾಗದಲ್ಲಿ ಕೆಂಪು ಬಣ್ಣ, ಕೆಂಪಿನ ಮೇಲೆ ಬಿಳಿ ಅಕ್ಷರ. 'ಗೌರವಾನ್ವಿತ ಗ್ರಾಹಕರೇ, ತಮ್ಮ ದಾಖಲೆಗಳೆಲ್ಲ ನಮ್ಮ ಬೀಗದಲ್ಲಿ ಕ್ಷೇಮವಾಗಿ ಇರುತ್ತವೆ. ಎಪ್ಪತ್ತೆರಡು ಗಂಟೆಯ ಒಳಗಾಗಿ ಹಣವನ್ನು ದಯಮಾಡಿ ಸಲ್ಲಿಸೋಣವಾಗಲಿ.' ಯಾವುದೋ ಯಂತ್ರ ಅನುವಾದ ಮಾಡಿದ ಭಾಷೆ. ಹಣವೂ ಕೊರಿಯಾದ ವೋನ್ ಅಲ್ಲ, ಕಣ್ಣಿಗೆ ಕಾಣದ ಅದ್ಯಾವುದೋ ನಾಣ್ಯ. ಬೈದಿದ್ದರೂ ಅವನಿಗೆ ಇಷ್ಟು ಭಯವಾಗುತ್ತಿರಲಿಲ್ಲ. ಇಷ್ಟೊಂದು ಮರ್ಯಾದೆ ಕೊಟ್ಟು ಮಾತಾಡುವವನನ್ನು ಅವನು ಎಂದೂ ನಂಬಿದವನಲ್ಲ.

ಅವನು ವಂಶಾವಳಿಯ ಫೈಲನ್ನು ಒತ್ತಿದ. ತೆರೆಯಲಿಲ್ಲ. ಹೆಸರಿನ ಕೊನೆಗೆ ಯಾರೋ ಎಂಟು ಅಡ್ಡಾದಿಡ್ಡಿ ಅಕ್ಷರಗಳ ಬಾಲ ಕಟ್ಟಿದ್ದರು. ಇನ್ನೊಂದನ್ನು ಒತ್ತಿದ, ಅದಕ್ಕೂ ಬಾಲ. ಎಲ್ಲದಕ್ಕೂ ಬಾಲ.

ಆ ಫೈಲಿನಲ್ಲಿ ಹನ್ನೊಂದು ಸಾವಿರ ಜನರಿದ್ದರು. ಪ್ಯೋ ಕುಲದ ಸಾಂಗ್ಜು ಶಾಖೆಯ ಇಪ್ಪತ್ತಾರು ತಲೆಮಾರು, ಸತ್ತವರು, ಬದುಕಿರುವವರು, ಯುದ್ಧದಲ್ಲಿ ಉತ್ತರಕ್ಕೆ ಹೋಗಿ ಏನಾದರೆಂದು ತಿಳಿಯದವರು. ಮೂವತ್ತು ವರ್ಷಕ್ಕೊಮ್ಮೆ ವಂಶಾವಳಿಯನ್ನು ಹೊಸದಾಗಿ ಅಚ್ಚು ಹಾಕಿಸುವುದು ಕುಲದ ಕ್ರಮ. ಈ ಸರ್ತಿ ಆ ಕೆಲಸ ಮುನ್‌ಸಿಕ್‌ನ ಹೆಗಲಿಗೆ ಬಿದ್ದು ಎಂಟು ವರ್ಷವಾಗಿತ್ತು. ಊರೂರು ತಿರುಗಿ, ಆಸ್ಪತ್ರೆಯ ಮಂಚದ ಪಕ್ಕ ಕೂತು, ಕಿವಿ ಕೇಳದ ಮುದುಕರ ಬಾಯಿಂದ ಹೆಸರು ಹೊರಡಿಸಿದ್ದ. ಹೇಳಿದವರಲ್ಲಿ ಅರವತ್ತಕ್ಕೂ ಹೆಚ್ಚು ಜನ ಆಮೇಲೆ ತೀರಿಕೊಂಡಿದ್ದರು. ಅವರು ಬರೆದುಕೊಟ್ಟ ಚೀಟಿಗಳನ್ನು ಟೈಪು ಮಾಡಿ ಮುಗಿಸಿ, ಇನ್ನೇಕೆ ಇದು ಎಂದು ರದ್ದಿಗೆ ಹಾಕಿದ್ದ. ಇನ್ನು ನಾಲ್ಕು ವಾರಕ್ಕೆ ಪಿತೃಗಳ ಸಮಾಧಿಯ ಮುಂದೆ ಕುಲದವರೆಲ್ಲ ಸೇರುವ ಶರತ್ಕಾಲದ ಪೂಜೆ. ಅದರ ಮಾರನೇ ದಿನ ಫೈಲು ಅಚ್ಚಿನ ಮನೆಗೆ ಹೋಗಬೇಕಿತ್ತು. ಈಗ ಅದು ಹೋದರೆ ಹೋದಂತೆಯೇ. ಸತ್ತವರನ್ನು ಎಬ್ಬಿಸಿ ಮತ್ತೆ ಕೇಳುವ ಹಾಗಿರಲಿಲ್ಲ.

"ಓಕ್‌ಬುನ್!" ಎಂದು ಕೂಗಿದ. "ಈ ಕೋಣೆಗೆ ಯಾರು ಬಂದಿದ್ರು?"

ಅವಳು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. "ಯಾರು ಬರ್ತಾರ್ರೀ? ಗುಡಿಸೋಕೂ ನನ್ನ ಬಿಡಲ್ಲ ನೀವು."

"ನೀನು ಹೇರಾನ್‌ಗೆ ಏನಾದ್ರೂ ಇದರ ಪಾಸ್‌ವರ್ಡ್ ಹೇಳಿದ್ಯಾ?"

"ಮಗಳ ಹೆಸರು ನಿಮ್ಮ ಬಾಯಲ್ಲಿ ಬಂತಲ್ಲ, ಸದ್ಯ!" ಎಂದಳು ಓಕ್‌ಬುನ್. "ನಾಲ್ಕು ತಿಂಗಳಾಯ್ತು. ಬಂದಿದ್ದೂ ಕಳ್ಳತನದ ಲೆಕ್ಕದಲ್ಲೇ."

ಮುನ್‌ಸಿಕ್‌ನ ತಲೆ ಆಗಲೇ ಇನ್ನೊಬ್ಬನ ಕಡೆ ಓಡಿತ್ತು. ಪ್ಯೋ ಇನ್‌ಹ್ವಾನ್.

ಇನ್‌ಹ್ವಾನ್ ಎರಡನೇ ಶಾಖೆಯವನು, ಪರ್ಸಿಮನ್ ಹಣ್ಣು ಒಣಗಿಸಿ ಮಾರುವವನು. ವಯಸ್ಸಿನಲ್ಲಿ ಮುನ್‌ಸಿಕ್‌ಗಿಂತ ಐದು ವರ್ಷ ಚಿಕ್ಕವನು, ತಲೆಮಾರಿನಲ್ಲಿ ಒಂದು ಮೆಟ್ಟಿಲು ಮೇಲಿನವನು. ಹಾಗಾಗಿ ಎಪ್ಪತ್ತೊಂದರ ಮುನ್‌ಸಿಕ್ ಅರವತ್ತಾರರ ಅವನನ್ನು ಚಿಕ್ಕಪ್ಪ ಎಂದು ಕರೆದು ತಲೆ ಬಗ್ಗಿಸಬೇಕಿತ್ತು. ಅವನು 'ಏನಪ್ಪಾ ಮುನ್‌ಸಿಕ್, ಚೆನ್ನಾಗಿದೀಯಾ' ಎಂದು ಸಂತೆಯಲ್ಲಿ ನಾಲ್ಕು ಜನರಿಗೆ ಕೇಳುವಂತೆ ವಿಚಾರಿಸುತ್ತಿದ್ದ. ಇದನ್ನಾದರೂ ನುಂಗಿಕೊಳ್ಳಬಹುದಿತ್ತು. ಹಳೆಯ ವಂಶಾವಳಿಯಲ್ಲಿ ಇನ್‌ಹ್ವಾನ್‌ನ ಮುತ್ತಜ್ಜನ ಹೆಸರಿನ ಪಕ್ಕ 'ಕಿರಿಯ ಹೆಂಡತಿಯ ಮಗ' ಎಂದು ಇತ್ತು. ಹೊಸದರಲ್ಲಿ ಅದನ್ನು ಬಿಟ್ಟುಬಿಡು, ನೂರಿಪ್ಪತ್ತು ವರ್ಷ ಅವಮಾನ ಹೊತ್ತಿದ್ದು ಸಾಕು ಎಂದು ಅವನು ಎರಡು ವರ್ಷದಿಂದ ಕೇಳುತ್ತಿದ್ದ. ಮುನ್‌ಸಿಕ್ ಎರಡು ವರ್ಷದಿಂದ ಒಂದೇ ಉತ್ತರ ಕೊಡುತ್ತಿದ್ದ: ಬರೆದದ್ದನ್ನು ಅಳಿಸುವ ಕೈ ನನ್ನದಲ್ಲ.

ತಿಂಗಳ ಮೊದಲ ಶನಿವಾರ ಇನ್‌ಹ್ವಾನ್ ಈ ಕೋಣೆಗೆ ಬರುತ್ತಿದ್ದ. ಹೊಸದಾಗಿ ಸೇರಿದ ಹೆಸರುಗಳನ್ನು ಇಬ್ಬರೂ ತಾಳೆ ನೋಡುವುದು ಕುಲದ ಸಭೆ ಮಾಡಿದ್ದ ಏರ್ಪಾಡು. ಶನಿವಾರ ಓಕ್‌ಬುನ್ ಗೆಳತಿಯರ ಜೊತೆ ಊರಿನ ಸಾರ್ವಜನಿಕ ಸ್ನಾನದ ಮನೆಗೆ ಹೋಗುವ ದಿನವಾದ್ದರಿಂದ ಚಹಾ ಮುನ್‌ಸಿಕ್‌ನೇ ಮಾಡಬೇಕು. ನೀರು ಕುದಿಯುವಷ್ಟು ಹೊತ್ತು ಇನ್‌ಹ್ವಾನ್ ಒಬ್ಬನೇ ಇಲ್ಲಿ ಕೂತಿರುತ್ತಿದ್ದ. ಈ ತಿಂಗಳು ಚಹಾ ತಂದಾಗ ಅವನು ಬಗ್ಗಿ ಕಂಪ್ಯೂಟರಿನ ಹಿಂಭಾಗದಲ್ಲಿ ಏನನ್ನೋ ಹುಡುಕುತ್ತಿದ್ದ. 'ಕನ್ನಡಕ ಬಿತ್ತು' ಅಂದಿದ್ದ. ಕನ್ನಡಕ ಮೂಗಿನ ಮೇಲೇ ಇತ್ತು.

ಮುನ್‌ಸಿಕ್‌ಗೆ ಎಲ್ಲ ಹೊಂದಿಕೊಂಡಿತು. ಎಷ್ಟು ಚೆನ್ನಾಗಿ ಹೊಂದಿಕೊಂಡಿತೆಂದರೆ, ಒಂದು ಗಳಿಗೆ ಅವನಿಗೆ ಖುಷಿಯೇ ಆಯಿತು.

*

ಮಾರುಕಟ್ಟೆಯ ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ನಾಮ್‌ಗುಂಗ್ ಎಂಬಾಕೆ ಅರ್ಧ ಗಂಟೆಯಲ್ಲಿ ಬಂದಳು. ನಲವತ್ತರ ಆಸುಪಾಸು, ಮೋಟು ಕೂದಲು, ಸುತ್ತಿ ಬಳಸಿ ಮಾತಾಡುವ ಅಭ್ಯಾಸವಿಲ್ಲ. ಚಪ್ಪಲಿ ಬಿಟ್ಟು ನೇರ ಹಿಂದಿನ ಕೋಣೆಗೆ ಹೋಗಿ, ಪರದೆಯ ಕಡೆ ನೋಡುವ ಮೊದಲೇ ಇಂಟರ್‌ನೆಟ್ ತಂತಿ ಎಳೆದು ಬಿಸಾಕಿದಳು.

"ಇದನ್ನ ಯಾಕೆ ಹಾಕ್ಕೊಂಡಿದೀರಾ ಇನ್ನೂ? ಮನೇಲಿ ಬೇರೆ ಕಂಪ್ಯೂಟರ್ ಇದ್ದಿದ್ರೆ ಅದಕ್ಕೂ ಹತ್ತಿರೋದು." ಕೆಂಪು ಪರದೆಯ ಫೋಟೋವನ್ನು ತನ್ನ ಮೊಬೈಲಿನಲ್ಲಿ ತೆಗೆದುಕೊಂಡಳು. "ರ‍್ಯಾನ್ಸಮ್‌ವೇರ್, ಅಜ್ಜಾ. ಇವ್ರು ಕದ್ಕೊಂಡು ಹೋಗಲ್ಲ. ನಿಮ್ಮನೇಲೇ ನಿಮ್ಮ ಸಾಮಾನಿಗೆ ಬೀಗ ಹಾಕಿ, ಬೀಗದಕೈ ನಿಮಗೇ ಮಾರ್ತಾರೆ."

"ನಂಗೇನೂ ಹೆದರಿಕೆ ಇಲ್ಲಮ್ಮ," ಎಂದ ಮುನ್‌ಸಿಕ್. ಅವನಿಗೆ ಆಗ ತಾನೇ ನೆನಪಾಗಿತ್ತು. "ಕಾಪಿ ಇಟ್ಟಿದೀನಿ. ಅದೋ, ಆ ಹಾರ್ಡ್ ಡಿಸ್ಕ್‌ನಲ್ಲಿ. ವಾರಕ್ಕೊಂದ್ಸಲ ಅದಕ್ಕೆ ಕಾಪಿ ಮಾಡ್ತೀನಿ."

ನಾಮ್‌ಗುಂಗ್ ಅವನು ತೋರಿಸಿದ ಕಪ್ಪು ಡಬ್ಬಿಯನ್ನು ನೋಡಿದಳು. ಅದರ ತಂತಿ ಕಂಪ್ಯೂಟರಿಗೇ ಸಿಕ್ಕಿಸಿತ್ತು.

"ಇದನ್ನ ಯಾವಾಗ ಬಿಚ್ಚಿಡ್ತೀರಾ?"

"ಬಿಚ್ಚೋದ್ಯಾಕೆ? ತಂದ ದಿನದಿಂದ ಹಾಗೇ ಇದೆ. ಬಿಚ್ಚಿಟ್ರೆ ಯಾರಾದ್ರೂ ಎತ್ಕೊಂಡು ಹೋದ್ರೆ?"

ಅವಳು ಡಿಸ್ಕನ್ನು ತೆರೆದು ತೋರಿಸಿದಳು. ಅಲ್ಲಿದ್ದ ಕಾಪಿಗಳಿಗೂ ಅದೇ ಬಾಲ. ಮುನ್‌ಸಿಕ್ ಪಕ್ಕದಲ್ಲಿದ್ದ ಮೆತ್ತೆಯ ಮೇಲೆ ಕೂತ. ಎಂಟು ವರ್ಷದ ಕೆಲಸ ಎರಡು ಡಬ್ಬಿಯಲ್ಲಿತ್ತು, ಎರಡಕ್ಕೂ ಒಂದೇ ಬೀಗ ಬಿದ್ದಿತ್ತು.

"ಕಾಪಿ ಅನ್ನೋದು ಬಿಚ್ಚಿಟ್ಟಾಗಲೇ ಕಾಪಿ," ಎಂದಳು ನಾಮ್‌ಗುಂಗ್. ಅವಳ ದನಿ ಸ್ವಲ್ಪ ಮೆತ್ತಗಾಗಿತ್ತು. "ತಂತಿ ಸಿಕ್ಕಿಸಿದ್ರೆ ಅದೂ ಅದೇ ಮನೆಯ ಇನ್ನೊಂದು ಕೋಣೆ ಅಷ್ಟೇ."

"ದುಡ್ಡು ಕೊಟ್ಬಿಡೋಣ್ವೇನ್ರೀ?" ಓಕ್‌ಬುನ್ ಬಾಗಿಲಲ್ಲಿ ನಿಂತೇ ಕೇಳಿದಳು. ವಂಶಾವಳಿಯೆಂದರೆ ಅವಳಿಗೆ ಅಷ್ಟಕ್ಕಷ್ಟೇ. ಆದರೆ ಗಂಡ ಹೀಗೆ ಮುಖ ಬಿಳಿಚಿಕೊಂಡು ಕೂತದ್ದನ್ನು ಅವಳು ನೋಡಿರಲಿಲ್ಲ.

"ಬೇಡ ಅಜ್ಜಿ. ಕೊಟ್ರೆ ಬೀಗ ತೆಗೀತಾರೆ ಅಂತ ಯಾರು ಹೇಳಿದ್ದು? ಹೋದ್ವರ್ಷ ಗಿರಣಿಯವರು ಕೊಟ್ರು, ಅರ್ಧ ಫೈಲೂ ಬರಲಿಲ್ಲ. ಮೇಲೆ ಇನ್ನೊಂದ್ಸಲ ಕೇಳಿದ್ರು." ನಾಮ್‌ಗುಂಗ್ ಮೊಬೈಲಿನಲ್ಲಿ ಬಹಳ ಹೊತ್ತು ಏನನ್ನೋ ಹುಡುಕಿದಳು. "ಹಳೇ ಬೀಗಗಳಿಗೆ ಪೊಲೀಸ್ನೋರು ಮಾಡಿಟ್ಟಿರೋ ಬೀಗದಕೈಗಳು ಪುಕ್ಕಟೆ ಸಿಗ್ತಾವೆ. ಇದು ಹೊಸದು, ಇನ್ನೂ ಬಂದಿಲ್ಲ. ದೂರು ಕೊಡಿ, ಈ ಬೀಗ ಬಿದ್ದ ಫೈಲುಗಳನ್ನೂ ಎಸೀಬೇಡಿ. ಎರಡು ವರ್ಷ ಬಿಟ್ಟು ಬೀಗದಕೈ ಸಿಕ್ರೂ ಸಿಗಬಹುದು."

"ನಾಲ್ಕು ವಾರ ಇದೆ ನಂಗೆ," ಎಂದ ಮುನ್‌ಸಿಕ್. ಆಮೇಲೆ ತಪಾಸಣೆಯ ದನಿಯಲ್ಲಿ, "ಪೆನ್ ಡ್ರೈವ್ ಹಾಕಿ ಯಾರಾದ್ರೂ ಇದನ್ನ ಒಳಗೆ ಬಿಟ್ಟಿರಬಹುದಾ? ಅದನ್ನ ನೋಡಮ್ಮ ಮೊದ್ಲು."

ಅವಳು ಕೀಲಿಗಳನ್ನು ಒತ್ತುತ್ತ ಹೋದಳು. ಸ್ವಲ್ಪ ಹೊತ್ತಿಗೆ ಅವಳ ಹುಬ್ಬು ಗಂಟಾಯಿತು. "ಹೊಸ ಪೆನ್ ಡ್ರೈವ್ ಹಾಕಿದಾಗೆಲ್ಲ ಕಂಪ್ಯೂಟರ್ ಬರೆದಿಟ್ಕೊಳ್ಳತ್ತೆ. ಈ ವರ್ಷ ಹತ್ತು ಬೇರೆ ಬೇರೆ ಹಾಕಿದೀರಲ್ಲ? ಜನವರಿಯಿಂದ ತಿಂಗಳಿಗೊಂದು."

"ನನ್ನ ಹತ್ರ ಪೆನ್ ಡ್ರೈವೇ ಇಲ್ಲ! ತಾರೀಕು ಹೇಳು."

ಅವಳು ಹೇಳಿದಳು. ಮುನ್‌ಸಿಕ್ ಗೋಡೆಯ ಕ್ಯಾಲೆಂಡರಿನ ಹಾಳೆ ಹಿಂದಕ್ಕೆ ಮಗುಚುತ್ತ ಹೋದ. ಹತ್ತಕ್ಕೆ ಹತ್ತೂ ತಿಂಗಳ ಮೊದಲ ಶನಿವಾರ.

"ಸಿಕ್ಬಿದ್ದ!" ಎಂದು ತೊಡೆ ತಟ್ಟಿದ. "ನೋಡಿದ್ಯಾ ಓಕ್‌ಬುನ್, ನನ್ನ ಅನುಮಾನ ಎಂದಾದ್ರೂ ಸುಳ್ಳಾಗಿದ್ಯಾ?"

"ಸ್ವಲ್ಪ ತಡೀರಿ," ಎಂದಳು ನಾಮ್‌ಗುಂಗ್. "ಕೊನೇ ಪೆನ್ ಡ್ರೈವ್ ಹಾಕಿದ್ದು ಮೂರು ವಾರದ ಹಿಂದೆ. ಬೀಗ ಬೀಳೋಕೆ ಶುರುವಾಗಿದ್ದು ನಿನ್ನೆ ಮಧ್ಯಾಹ್ನ ಮೂರೂ ಹತ್ತಕ್ಕೆ. ಇದು ಮೇಲ್‌ನಲ್ಲಿ ಬಂದಿರೋ ಹಾಗಿದೆ. ನಿನ್ನೆ ಆ ಹೊತ್ತಿಗೆ ಯಾವುದಾದ್ರೂ ಮೇಲ್ ತೆರೆದ್ರಾ, ಅಜ್ಜಾ?"

"ನಾನಾ? ಗುರುತಿಲ್ಲದ ಮೇಲ್ ನಾನು ಮುಟ್ಟೋನೇ ಅಲ್ಲ. ಆಗ ಮಲಗಿದ್ದೆ."

ಹಾಗೆಂದು ಮುನ್‌ಸಿಕ್ ಕಿಟಕಿಯ ಹೊರಗೆ ನೋಡಿದ. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ, ಪಕ್ಕದ ಮನೆಯವರ ಎಲೆಕೋಸು ಇತ್ತು. ಅದನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದ. ನಾಮ್‌ಗುಂಗ್ ಉಳಿದ ತಂತಿಗಳನ್ನು ಬಿಚ್ಚಿದಳು. ಎಲ್ಲ ಒರೆಸಿ ಹೊಸದಾಗಿ ಮಾಡಬೇಕು ಎಂದು ಹೇಳಿ, ಕಂಪ್ಯೂಟರನ್ನು ಅಂಗಡಿಗೆ ಎತ್ತಿಕೊಂಡು ಹೋದಳು.

*

ಮುನ್‌ಸಿಕ್ ಸ್ಕೂಟರ್ ಏರಿ ಇನ್‌ಹ್ವಾನ್‌ನ ಶೆಡ್ಡಿಗೆ ಹೋದ. ದಾರಿಯುದ್ದಕ್ಕೂ ಏನು ಕೇಳಬೇಕು, ಅವನು ಏನು ಸುಳ್ಳು ಹೇಳುತ್ತಾನೆ, ಅದಕ್ಕೆ ತಾನೇನು ಹೇಳಬೇಕು ಎಂದು ಜೋಡಿಸಿಕೊಂಡ. ರೈಲಿನಲ್ಲಿ ಇಂಥವರನ್ನು ಎಷ್ಟು ಜನರನ್ನು ಇಳಿಸಿದ್ದಾನೋ! ಕುಲದ ಸಭೆಯ ಮುಂದೆ ನಿಲ್ಲಿಸಬೇಕು, ಎರಡನೇ ಶಾಖೆಯವರು ಮತ್ತೆ ತಲೆ ಎತ್ತಬಾರದು. ಆದರೆ ಹನ್ನೊಂದು ಸಾವಿರ ಹೆಸರು ಹೋದದ್ದು ನೆನಪಾದಾಗೆಲ್ಲ ಜೋಡಿಸಿದ್ದೆಲ್ಲ ಮರೆತುಹೋಗಿ ಮತ್ತೆ ಮೊದಲಿಂದ ಜೋಡಿಸುತ್ತಿದ್ದ.

ಶೆಡ್ಡಿನ ತುಂಬ ಸಿಪ್ಪೆ ಸುಲಿದ ಹಣ್ಣುಗಳು ಮಾಲೆ ಮಾಲೆಯಾಗಿ ತೂಗಾಡುತ್ತಿದ್ದವು. ಸುಗ್ಗಿಯ ಕಾಲ. ಆರೇಳು ಹೆಂಗಸರು ಯಂತ್ರದ ಮುಂದೆ ಕೂತು ಹಣ್ಣು ಸುಲಿಯುತ್ತಿದ್ದರು. ಇನ್‌ಹ್ವಾನ್ ಏಣಿಯ ಮೇಲಿದ್ದ.

"ಏನಪ್ಪಾ ಮುನ್‌ಸಿಕ್! ಚೆನ್ನಾಗಿದೀಯಾ?"

"ಕೆಳಗಿಳೀರಿ ಚಿಕ್ಕಪ್ಪ."

"ಮಾಲೆ ಕಟ್ಟಿ ಬರ್ತೀನಿ, ಇರು."

"ಇಳೀರಿ ಅಂದೆ. ತಿಂಗಳ ಮೊದಲನೇ ಶನಿವಾರ ನಾನು ಚಹಾ ಮಾಡೋಕೆ ಹೋದಾಗ ನನ್ನ ಕಂಪ್ಯೂಟರಿಗೆ ಏನು ಹಾಕ್ತಿದ್ರಿ?"

ಹೆಂಗಸರ ಕೈ ನಿಂತಿತು. ಇನ್‌ಹ್ವಾನ್ ನಿಧಾನವಾಗಿ ಇಳಿದ. ಮುನ್‌ಸಿಕ್ ಅವನ ಕಣ್ಣನ್ನೇ ನೋಡುತ್ತಿದ್ದ. ಈಗ ಬಾಗಿಲಿನ ಕಡೆ ನೋಡುತ್ತಾನೆ, ಈಗ ಮೇಲೆ ನೋಡುತ್ತಾನೆ ಎಂದುಕೊಂಡ. ಇನ್‌ಹ್ವಾನ್ ಎಲ್ಲೂ ನೋಡಲಿಲ್ಲ. ಮುನ್‌ಸಿಕ್‌ನ ಮುಖವನ್ನೇ ನೋಡಿದ.

"ಪೆನ್ ಡ್ರೈವ್," ಎಂದ. "ವಂಶಾವಳಿಯ ಕಾಪಿ ಮಾಡ್ಕೊತಿದ್ದೆ. ಇಷ್ಟು ದಿನ ಹಿಡಿಯೋಕೆ ನಿಂಗೆ? ನಿವೃತ್ತಿ ಆದ್ಮೇಲೆ ಮಂಕಾಗಿದೀಯಾ ಬಿಡು."

ಒಪ್ಪಿಕೊಳ್ಳುವವನಿಗೆ ಏನು ಹೇಳಬೇಕೆಂದು ಮುನ್‌ಸಿಕ್ ಜೋಡಿಸಿಕೊಂಡು ಬಂದಿರಲಿಲ್ಲ. "ಕದ್ದು?" ಎಂದ.

"ಕದ್ದೇ. ಕೇಳಿದ್ರೆ ಕೊಡ್ತಿದ್ಯಾ? ಅಚ್ಚಾಗೋವರೆಗೂ ಯಾರ ಕೈಗೂ ಇಲ್ಲ ಅಂದವ್ನು ನೀನು. ನಂಗೆ ನಿನ್ನ ಮೇಲೆ ನಂಬಿಕೆ ಇಲ್ಲಪ್ಪ. ಸಿಟ್ಟು ಬಂದ್ರೆ ನಮ್ಮ ಶಾಖೆನೇ ಒಂದು ದಿನ ಎತ್ತಿ ಹಾಕ್ತೀಯೇನೋ ಅಂತ ಅನುಮಾನ. ಅದಕ್ಕೆ ತಿಂಗಳಿಗೊಂದು. ಮನೆಗೆ ತಂದು ಹಿಂದಿನ ತಿಂಗಳಿನ ಜೊತೆ ಇಟ್ಟು ನೋಡೋದು."

ಮುನ್‌ಸಿಕ್‌ನ ಬಾಯಿಂದ ಬೈಗುಳ ಹೊರಟೇಬಿಟ್ಟಿತ್ತು. ಅರ್ಧದಲ್ಲೇ ಅದು ನಿಂತಿತು. ಈ ಮಾತಿನಲ್ಲಿ ಇನ್ನೊಂದು ಮಾತಿರುವುದು ಅವನಿಗೆ ಆಗ ಹೊಳೆಯಿತು. ತಿಂಗಳಿಗೊಂದು ಕಾಪಿ. ಈ ತಿಂಗಳದ್ದೂ. ಯಾವ ತಂತಿಗೂ ಸಿಕ್ಕಿಸದ ಕಾಪಿ.

"ಎಲ್ಲಿವೆ?" ಎಂದ.

"ಯಾಕೆ?"

ಹೇಳದೆ ವಿಧಿಯಿರಲಿಲ್ಲ. ಹೇಳಿದ. ಬೀಗ ಬಿದ್ದದ್ದು, ಡಿಸ್ಕಿಗೂ ಬಿದ್ದದ್ದು, ನಾಲ್ಕು ವಾರ ಇರುವುದು. ಹೇಳುತ್ತ ಹೇಳುತ್ತ ಇನ್‌ಹ್ವಾನ್ ಏನು ಬೆಲೆ ಕೇಳುತ್ತಾನೆಂದು ಅವನಿಗೆ ಗೊತ್ತಾಗಿಹೋಗಿತ್ತು. ಮುತ್ತಜ್ಜನ ಪಕ್ಕದ ಆ ಮೂರು ಪದ. ಕೇಳಲಿ, ಕೊಟ್ಟುಬಿಡುತ್ತೇನೆ ಎಂದು ಮನಸ್ಸಿನಲ್ಲೇ ಸೋತ. ಸೋತದ್ದಕ್ಕೆ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

ಇನ್‌ಹ್ವಾನ್ ಒಳಗಿನ ಕೋಣೆಯಿಂದ ಬಿಸ್ಕತ್ತಿನ ತಗಡಿನ ಡಬ್ಬಿ ತಂದ. ಅದರೊಳಗೆ ಹತ್ತು ಪೆನ್ ಡ್ರೈವ್, ಪ್ರತಿಯೊಂದರ ಮೇಲೂ ತಿಂಗಳು ಬರೆದ ಚೀಟಿ. ಅಕ್ಟೋಬರಿನದನ್ನು ಎತ್ತಿ ಮುನ್‌ಸಿಕ್‌ನ ಅಂಗೈಯಲ್ಲಿಟ್ಟ.

"ತಗೋ. ಮೂರು ವಾರದ ಕೆಲಸ ಹೋಗಿರತ್ತೆ ಅಷ್ಟೇ."

"ಆ ಪದ ತೆಗೀಬೇಕು ಅಂತ ತಾನೇ? ತೆಗೀತೀನಿ."

"ನಾನು ಕೇಳಿದ್ನಾ?" ಇನ್‌ಹ್ವಾನ್ ಡಬ್ಬಿಯಲ್ಲಿ ಕೈಯಾಡಿಸುತ್ತಲೇ ಇದ್ದ. "ಇರಲಿ ಬಿಡು ಅದು. ನಮ್ಮ ಮುತ್ತಜ್ಜನ ತಾಯಿ ಇದ್ದದ್ದು ನಿಜ ತಾನೇ. ಅಳಿಸೋ ಅಭ್ಯಾಸ ಕುಲದಲ್ಲಿ ಒಬ್ಬನಿಗಿದ್ರೆ ಸಾಕು."

"ಏನಂದ್ರಿ?"

"ಜೂನ್ ತಿಂಗಳದ್ದಕ್ಕೂ ಜುಲೈದಕ್ಕೂ ತಾಳೆ ನೋಡ್ತಿದ್ದೆ." ಅವನು ಇನ್ನೆರಡು ಪೆನ್ ಡ್ರೈವ್ ಹೊರತೆಗೆದು ಮಾಲೆ ಕಟ್ಟುವ ಮೇಜಿನ ಮೇಲಿಟ್ಟ. "ನಮ್ಮ ಶಾಖೆಯಲ್ಲಿ ಒಂದಕ್ಷರ ಹೋಗಿರಲಿಲ್ಲ. ನಾನೂರ ಹನ್ನೆರಡನೇ ಪುಟದಲ್ಲಿ ಒಬ್ಬಳು ಹೋಗಿದ್ಲು. ಮುನ್‌ಸಿಕ್, ಹೆಂಡತಿ ಗ್ವಾಕ್ ಓಕ್‌ಬುನ್. ಅದರ ಕೆಳಗೆ ಖಾಲಿ. ಜೂನ್‌ನಲ್ಲಿ ಹೇರಾನ್ ಇದ್ಲಲ್ಲಪ್ಪ, ಎಲ್ಲಿಗೆ ಹೋದ್ಲು?"

ಯಂತ್ರಗಳು ಮತ್ತೆ ತಿರುಗತೊಡಗಿದ್ದವು. ಕೇಳಿಸಿಕೊಳ್ಳದಂತೆ ನಟಿಸುವುದು ಆ ಹೆಂಗಸರಿಗೆ ಚೆನ್ನಾಗಿ ಬರುತ್ತಿತ್ತು.

ಮುನ್‌ಸಿಕ್‌ಗೆ ಗಂಡುಮಕ್ಕಳಿರಲಿಲ್ಲ. ಹೇರಾನ್ ಒಬ್ಬಳೇ. ಜೂನ್‌ನಲ್ಲಿ ಬುಸಾನ್‌ನಲ್ಲಿ ಅವಳ ಮಗುವಿನ ನೂರನೇ ದಿನದ ಊಟ. ಬಿಳಿ ಅಕ್ಕಿ ಕಡುಬು ಹಂಚುತ್ತ ಅವಳು, 'ಅಪ್ಪಾ, ದಾಮ್‌ಗೆ ನನ್ನ ಮನೆತನದ ಹೆಸರೇ ಇಟ್ಟಿದೀವಿ. ಪ್ಯೋ ದಾಮ್. ನನ್ನ ಗಂಡನ ಮನೆಯವ್ರೂ ಒಪ್ಪಿದಾರೆ. ಇನ್ನು ನಿಮ್ಮ ಸಾಲು ಮುಗಿಯಲ್ಲ' ಎಂದು ನಕ್ಕಿದ್ದಳು. ಅದು ಅವಳು ಅಪ್ಪನಿಗಾಗಿ ಎತ್ತಿಟ್ಟುಕೊಂಡಿದ್ದ ಉಡುಗೊರೆ. ಮುನ್‌ಸಿಕ್‌ಗೆ ಕಂಡದ್ದೇ ಬೇರೆ. ಕುಲದ ಮುದುಕರು ಏನೆನ್ನುತ್ತಾರೆ? ಕೈಯಲ್ಲಿ ಪುಸ್ತಕ ಇದೆ ಎಂದು ಮಗಳ ಮಗುವನ್ನು ಹಿಂಬಾಗಿಲಿಂದ ತೂರಿಸಿದ ಎನ್ನುವುದಿಲ್ಲವೇ? ಇನ್‌ಹ್ವಾನ್ ಏನೆನ್ನುತ್ತಾನೆ? ಬೀಗರ ಎದುರಿಗೇ ಚಮಚ ಕೆಳಗಿಟ್ಟು, 'ಟಿಕೆಟ್ ಇಲ್ಲದೆ ಯಾರನ್ನೂ ನಾನು ಹತ್ತಿಸಲ್ಲ' ಎಂದಿದ್ದ. ಹೇರಾನ್‌ಳ ನಗು ಅಲ್ಲೇ ಆರಿಹೋಗಿತ್ತು. 'ಹಾಗಿದ್ರೆ ನನ್ನೂ ಇಳಿಸಿಬಿಡಿ' ಎಂದಿದ್ದಳು. ಮನೆಗೆ ಬಂದವನು ಅದನ್ನೇ ಮಾಡಿದ. ಮಾಡಿ, ಅವಳಿಗೆ ಒಂದೇ ಪದದ ಸಂದೇಶ ಕಳಿಸಿದ. 'ಇಳಿಸಿದ್ದೇನೆ.'

"ನಾನು ನಗ್ತೀನಿ ಅಂತ ಹೆದರಿದ್ಯಾ?" ಎಂದ ಇನ್‌ಹ್ವಾನ್. ಅವನಿಗೆ ಓಕ್‌ಬುನ್ ಎಲ್ಲ ಹೇಳಿದ್ದಳು ಎಂಬುದು ಮುನ್‌ಸಿಕ್‌ಗೆ ಆಗ ಗೊತ್ತಾಯಿತು. "ಮೂರು ಗಂಡುಮಕ್ಕಳಿದಾರೆ ನಂಗೆ. ಮೂವರೂ ಮದುವೆ ಬೇಡ ಅಂತಾರೆ. ಮೂರು ಗಂಡುಮಕ್ಕಳಿಂದ ಒಂದು ಪ್ಯೋ ಹುಟ್ಟಲಿಲ್ಲ. ನಿನ್ನ ಮಗಳು ಒಂದನ್ನ ಹೆತ್ತು ಹೆಸರಿಟ್ಟು ಕೈಗೆ ಕೊಟ್ರೆ, ಟಿಕೆಟ್ ಕೇಳಿದ್ಯಂತಲ್ಲೋ. ಥೂ, ನಿನ್ನ!"

ಅವನು ಅರ್ಧ ಒಣಗಿದ ಒಂದು ಹಣ್ಣನ್ನು ಮಾಲೆಯಿಂದ ಕಿತ್ತು ಮುನ್‌ಸಿಕ್‌ನ ಮುಂದೆ ಹಿಡಿದ. ಮುನ್‌ಸಿಕ್ ತೆಗೆದುಕೊಂಡ. ತಿನ್ನಲಿಲ್ಲ. ಜೇಬಿಗೆ ಹಾಕಿಕೊಂಡು, ಮೂರೂ ಪೆನ್ ಡ್ರೈವ್‌ಗಳನ್ನು ಮುಷ್ಟಿಯಲ್ಲಿ ಹಿಡಿದು ಸ್ಕೂಟರ್ ಹತ್ತಿದ. ಚಿಕ್ಕಪ್ಪನಿಗೆ ತಲೆ ಬಗ್ಗಿಸುವುದನ್ನು ಅವತ್ತು ಯಾರೂ ನೆನಪಿಸಬೇಕಾಗಲಿಲ್ಲ.

*

ಸೋಮವಾರ ಬೆಳಿಗ್ಗೆ ನಾಮ್‌ಗುಂಗ್‌ಳ ಅಂಗಡಿಯಲ್ಲಿ ಕಂಪ್ಯೂಟರ್ ಸಿದ್ಧವಾಗಿತ್ತು. ಅವಳು ಪೆನ್ ಡ್ರೈವ್‌ಗಳನ್ನು ಮೊದಲು ಬೇರೊಂದು ಯಂತ್ರಕ್ಕೆ ಹಾಕಿ, ವೈರಸ್ ಇದೆಯೇ ಎಂದು ನೋಡಿ, ಇಲ್ಲವೆಂದು ಖಾತ್ರಿ ಮಾಡಿಕೊಂಡು ವಂಶಾವಳಿಯನ್ನು ಒಳಗಿಳಿಸಿದಳು. ಫೈಲು ತೆರೆಯಿತು. ಮೊದಲ ಪುಟದ ಮೂಲಪುರುಷ ಇದ್ದಲ್ಲೇ ಇದ್ದ. ಮುನ್‌ಸಿಕ್ ಕನ್ನಡಕ ತೆಗೆದು ಒರೆಸಿಕೊಂಡ. ಒರೆಸಬೇಕಾದದ್ದು ಕನ್ನಡಕವೊಂದೇ ಆಗಿರಲಿಲ್ಲ.

"ಹೊಸ ಡಿಸ್ಕ್ ಎರಡು ಕೊಡ್ತೀನಿ," ಎಂದಳು ನಾಮ್‌ಗುಂಗ್. "ಕಾಪಿ ಮಾಡೋದು, ಬಿಚ್ಚೋದು, ಪೆಟ್ಟಿಗೇಲಿ ಇಡೋದು. ಒಂದು ನಿಮ್ಮನೇಲಿ, ಇನ್ನೊಂದು ಬೇರೆಯವರ ಮನೇಲಿ. ಬೆಂಕಿ ಬಿದ್ರೂ ಒಂದು ಉಳೀಬೇಕು. ಕಂಪ್ಯೂಟರ್ ಅಪ್‌ಡೇಟ್ ಮಾಡ್ಲಾ ಅಂತ ಕೇಳಿದಾಗ ಆಮೇಲೆ ಆಮೇಲೆ ಅಂತ ಮುಂದೂಡ್ಬೇಡಿ. ಮತ್ತೆ..." ಅವಳು ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಚಿತವಾದ ಮೇಲೆ ಕಾಗದದ ಚೂರೊಂದನ್ನು ಅವನ ಮುಂದೆ ಸರಿಸಿದಳು. "ಇದು ಹಳೇದನ್ನ ಒರೆಸೋ ಮೊದ್ಲು ಸಿಕ್ತು. ಗುರುವಾರ ಮೂರೂ ಹತ್ತಕ್ಕೆ ನೀವು ಇಳಿಸಿಕೊಂಡ ಫೈಲಿನ ಹೆಸರು."

ಅದರ ಮೇಲೆ ಬರೆದಿತ್ತು: 'ಮಗುವಿನ ಹೆಸರಿನ ಚೀಟಿ, ಪ್ಯೋ'.

"ಇದು ಪತ್ರ ಅಲ್ಲ, ಪ್ರೋಗ್ರಾಮ್ ಅಂತ ತೋರಿಸೋ ಹೆಸರಿನ ಬಾಲ ಕಾಣದ ಹಾಗೆ ಮಾಡಿದಾರೆ, ಅದಕ್ಕೆ ಮಾಮೂಲಿ ಪತ್ರ ಅನ್ಸಿದೆ ನಿಮಗೆ. ಇನ್ಮೇಲೆ ಪೂರ್ತಿ ಹೆಸರು ಕಾಣೋ ಹಾಗೆ ಇಟ್ಟಿದೀನಿ. ಕುಲದ ಪತ್ರಿಕೇಲಿ ನಿಮ್ಮ ಮೇಲ್ ವಿಳಾಸ ಅಚ್ಚಾಗಿದೆ ತಾನೇ, ಹೆಸರು ಕಳಿಸಿ ಅಂತ? ಅಲ್ಲಿಂದ ತಗೊಂಡಿರ್ತಾರೆ. ವಂಶಾವಳಿ ಮಾಡೋ ಎಲ್ಲರಿಗೂ ಹೀಗೇ ಕಳಿಸ್ತಿದಾರಂತೆ. ಆದ್ರೆ ಅಜ್ಜಾ, ನೀವು ನನ್ನ ರಸೀದಿನೇ ಮೂರ್ಸಲ ತಿರುಗಿಸಿ ನೋಡೋರು. ಇದನ್ನ ಹೇಗೆ ತೆರೆದ್ರಿ?"

ಮುನ್‌ಸಿಕ್ ಕಿಟಕಿಯ ಕಡೆ ನೋಡಲು ಹೋದ. ಅಂಗಡಿಗೆ ಕಿಟಕಿ ಇರಲಿಲ್ಲ.

"ನನ್ನ ಮಗಳು ಕಳಿಸಿದ್ಲು ಅಂದ್ಕೊಂಡೆ," ಎಂದ.

ಅಷ್ಟೇ ಆದದ್ದು. ಗುರುವಾರ ಮಧ್ಯಾಹ್ನ ಆ ಸಾಲು ಕಂಡಾಗ ಅವನು ಕಳಿಸಿದವರ ವಿಳಾಸ ನೋಡಲಿಲ್ಲ, ತಾರೀಕು ನೋಡಲಿಲ್ಲ. ಅಪ್ಪ ಬೇಡವೆಂದರೂ ಹಟಮಾರಿ ಹುಡುಗಿ ಮಗುವಿನ ಚೀಟಿ ಕಳಿಸಿಯೇಬಿಟ್ಟಳು ಎಂದು ಎದೆ ಹೊಡೆದುಕೊಂಡಿತ್ತು. ಮೂವತ್ತೆಂಟು ವರ್ಷದಲ್ಲಿ ಟಿಕೆಟ್ ನೋಡದೆ ಅವನು ಹತ್ತಿಸಿಕೊಂಡದ್ದು ಅದೊಂದನ್ನೇ. ಒತ್ತಿದರೆ ಏನೂ ಬರಲಿಲ್ಲ. ಮತ್ತೆ ಒತ್ತಿದ, ಮೂರು ಸಲ ಒತ್ತಿದ. ಆಮೇಲೆ ನಾಚಿಕೆಯಾಗಿ ಮೇಲನ್ನು ಅಳಿಸಿ, ಪರದೆ ಮಾತ್ರ ಆರಿಸಿ ಎದ್ದುಹೋಗಿದ್ದ.

ನಾಮ್‌ಗುಂಗ್ ಆ ಚೂರನ್ನು ಹರಿದು ಬುಟ್ಟಿಗೆ ಹಾಕಿದಳು. "ಅಜ್ಜಿಗೆ ನಾನು ಹೇಳಲ್ಲ," ಎಂದಳು.

ಅವನು ಜೂನ್ ತಿಂಗಳ ಪೆನ್ ಡ್ರೈವ್ ಹಾಕಿಸಿ ನಾನೂರ ಹನ್ನೆರಡನೇ ಪುಟ ತೆರೆದ. ಹೇರಾನ್ ಅಲ್ಲಿದ್ದಳು. ಆ ಸಾಲನ್ನು ಎತ್ತಿ ತಂದು ಹೊಸ ಫೈಲಿನಲ್ಲಿ ಅವಳ ಜಾಗದಲ್ಲಿ ಕೂರಿಸಿದ. ಅವಳ ಕೆಳಗೆ ಇನ್ನೊಂದು ಸಾಲು ಎಳೆದು 'ಪ್ಯೋ ದಾಮ್' ಎಂದು ಟೈಪು ಮಾಡಿದ. ಮುಂದೆ ಹೋಗಲಾಗಲಿಲ್ಲ. ಹುಟ್ಟಿದ ದಿನ ಬೇಕು, ಹಳೆಯ ಕ್ರಮದಂತೆ ಹೆಸರನ್ನು ಯಾವ ಚೀನೀ ಅಕ್ಷರದಿಂದ ಬರೆಯುತ್ತಾರೆಂದು ಗೊತ್ತಾಗಬೇಕು. ಮೊಮ್ಮಗಳ ಬಗ್ಗೆ ಅವನಿಗೆ ಎರಡೂ ಸರಿಯಾಗಿ ಗೊತ್ತಿರಲಿಲ್ಲ.

"ನಿನ್ನ ಅಂಗಡಿ ಫೋನ್ ಕೊಡ್ತೀಯಾಮ್ಮ?" ಎಂದ. "ನನ್ನ ನಂಬರ್ ನೋಡಿದ್ರೆ ಅವಳು ಎತ್ತದೆ ಇರಬಹುದು."

ನಾಲ್ಕನೇ ಸಲ ರಿಂಗಾದಾಗ ಹೇರಾನ್ ಎತ್ತಿದಳು. ಹಿಂದೆ ಮಗುವೊಂದು ಏನನ್ನೋ ಬಡಿಯುತ್ತಿತ್ತು.

"ಯಾರು?"

"ನಾನು. ಅಪ್ಪ." ಮುನ್‌ಸಿಕ್ ಕೀಲಿಮಣೆಯನ್ನು ಹತ್ತಿರ ಎಳೆದುಕೊಂಡ. "ಮಗು ಹುಟ್ಟಿದ ತಾರೀಕು ಹೇಳಮ್ಮ. ಹೆಸರಿನ ಅಕ್ಷರಾನೂ ಹೇಳು."

ಆ ಕಡೆಯಿಂದ ಬಂದ ದನಿ ತಣ್ಣಗಿತ್ತು. "ಎಲ್ಲಿಂದ ಮಾತಾಡ್ತಿದೀರಾ? ಇದು ನಮ್ಮಪ್ಪನ ನಂಬರ್ ಅಲ್ಲ. ಮಗು ಹೆಸರು, ಹುಟ್ಟಿದ ದಿನ ಕೇಳಿ ಮೋಸ ಮಾಡೋರು ದಿನಕ್ಕೆ ಹತ್ತು ಜನ ಇದಾರೆ. ದನೀನೂ ಈಗ ನಕಲು ಮಾಡ್ತಾರಂತೆ."

"ಹೇರಾನ್, ನಾನೇ ಕಣೇ."

"ನಮ್ಮಪ್ಪ ಫೋನ್ ಮಾಡಲ್ಲ. ಅವರು ಮಾಡಲ್ಲ ಅಂದ್ರೆ ಮಾಡಲ್ಲ."

ಮುನ್‌ಸಿಕ್ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ. ಕೋಪ ಬರಬೇಕಿತ್ತು, ಬರಲಿಲ್ಲ. ಎಲ್ಲಿ ಕಲಿತಳೋ ಇವಳು ಎಂದು ಯಾರೂ ಕೇಳಬೇಕಾಗಿರಲಿಲ್ಲ. ಅವನು ನಲವತ್ತು ವರ್ಷ ಮನೆಯಲ್ಲಿ ಬೇರೇನನ್ನು ಕಲಿಸಿದ್ದ!

"ಸರಿ," ಎಂದ. "ಅನುಮಾನ ಇದ್ರೆ ಕೇಳು. ಏನಾದ್ರೂ ಕೇಳು."

ಅವಳು ಯೋಚಿಸಿದಳು. ಮಗು ಬಡಿಯುವುದನ್ನು ನಿಲ್ಲಿಸಿತ್ತು.

"ನಮ್ಮಪ್ಪ ವಂಶಾವಳಿ ಬರೀತಾರೆ," ಎಂದಳು ಹೇರಾನ್. "ಅದರಲ್ಲಿ ನನ್ನ ಹೆಸರು ಎಷ್ಟನೇ ಪುಟದಲ್ಲಿದೆ?"

ಮೋಸಗಾರನಾಗಿದ್ದರೆ ಯಾವುದಾದರೂ ಒಂದು ಪುಟ ಹೇಳುತ್ತಿದ್ದ. ಮುನ್‌ಸಿಕ್ ಎದುರಿಗಿದ್ದ ಪರದೆಯನ್ನು ನೋಡಿದ. ಮಗಳ ಸಾಲನ್ನೂ ಅದರ ಕೆಳಗಿನ ಅರ್ಧ ಸಾಲನ್ನೂ ನೋಡಿದ.

"ಎಲ್ಲೂ ಇರಲಿಲ್ಲ," ಎಂದ. "ಜೂನ್‌ನಲ್ಲಿ ನಿನ್ನ ಅಳಿಸಿದೋನು ನಾನೇ. ಇವತ್ತು ಬೆಳಿಗ್ಗೆಯಿಂದ ನಾನೂರ ಹನ್ನೆರಡರಲ್ಲಿದೀಯ. ನಿನ್ನ ಕೆಳಗೆ ದಾಮ್ ಇದಾಳೆ, ಅವಳ ಸಾಲು ಇನ್ನೂ ಅರ್ಧ ಆಗಿದೆ."

ಅವಳು ಉಸಿರೆಳೆದುಕೊಂಡದ್ದು ಕೇಳಿಸಿತು. ಮೂಗು ಒರೆಸಿಕೊಂಡದ್ದೂ ಕೇಳಿಸಿತು. ನಾಮ್‌ಗುಂಗ್ ಎದ್ದು ಹೋಗಿ ಅಂಗಡಿಯ ಬಾಗಿಲಲ್ಲಿ ಬೆನ್ನು ತಿರುಗಿಸಿ ನಿಂತಳು.

"ಪೆನ್ ಇದ್ಯಾ ಅಪ್ಪಾ?" ಎಂದಳು ಹೇರಾನ್. "ಬರ್ಕೊಳ್ಳಿ."